ಲೀಟರಿಗೆ ಹದಿಮೂರು

"ಕಾರು ಕಂಪನಿಯವರು ಲೀಟರಿಗೆ ಹದಿಮೂರು ಕಿಲೋಮೀಟರ್ ಅಂದಿದ್ದಾರೆ. ನಿನ್ ಕೈಯಲ್ಲಿ ಏಳು ಬರ್ತಿದೆ. ಮಿಕ್ಕಿದ್ದನ್ನ ಯಾರು ಕುಡೀತಿದ್ದಾರೆ?" ಪೆಟ್ರೋಲ್ ಬಿಲ್ಲುಗಳನ್ನು ಮುಂದೆ ಹಿಡಿದು ಯಜಮಾನರು ಕೇಳಿದರು.

"ಇದು ಜೋರಾಗಿ ಓಡೋಕೇ ಮಾಡಿರೋ ಕಾರು ಸಾರ್. ನೀವೂ ಹಿಂದೆ ಕೂತ್ಕೊಂಡು ತುಳಿ, ತುಳಿ ಅಂತೀರಿ. ಊರೊಳಗೆ ಇಷ್ಟೇ ಬರೋದು" ಎಂದ ಡ್ರೈವರ್ ನಿಂಗರಾಜು.

"ಹತ್ತಾದ್ರೂ ಬರ್ದಿದ್ರೆ ಬೇರೆಯವರನ್ನ ನೋಡ್ಕೋತೀನಿ."

ಮುಂದಿನ ತಿಂಗಳು ಒಂಬತ್ತು ಬಂತು. ಅದರ ಮುಂದಿನ ತಿಂಗಳು ಹತ್ತು. "ಈ ಜನಕ್ಕೆ ಬೈದರೇನೇ ಬುದ್ಧಿ ಬರೋದು" ಎಂದು ಯಜಮಾನರು ಕ್ಲಬ್ಬಿನಲ್ಲಿ ಎಲ್ಲರಿಗೂ ಹೇಳಿದರು. ಮನೆಗೆ ಬಂದವರೇ ನಿಂಗರಾಜುವನ್ನು ಕರೆದರು.

"ಹತ್ತು ಬಂತಲ್ಲ, ಹದಿಮೂರೂ ಬರ್ಬೇಕು."

"ಅಷ್ಟು ನನ್ ಕೈಲಾಗಲ್ಲ ಸಾರ್" ಎಂದು ನಿಂಗರಾಜು ಕಾರಿನ ಕೀ ಮೇಜಿನ ಮೇಲಿಟ್ಟು ಹೊರಟುಹೋದ.

"ಕದಿಯೋಕೆ ದಾರಿ ಇಲ್ಲ ಅಂತ ಗೊತ್ತಾಯ್ತು, ಹೋದ" ಎಂದರು ಯಜಮಾನರು.

ಒಂದು ವಾರ ತಾವೇ ಮೆಲ್ಲಗೆ ಓಡಿಸಿದರು. ಎಂದಿನ ಬಂಕಿನಲ್ಲೇ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದರೆ ಮತ್ತೆ ಏಳು. ಪೆಟ್ರೋಲ್ ಹಾಕುತ್ತಿದ್ದ ಹೆಂಗಸಿನ ಮೇಲೆ ರೇಗಿದರು.

"ಅಳತೇಲಿ ಮೋಸ ಮಾಡ್ತೀರಾ? ಹೋದ ತಿಂಗಳು ಹತ್ತು ಬಂದಿತ್ತು!"

"ಹೋದ್ ತಿಂಗ್ಳು ನಿಂಗರಾಜಣ್ಣ ಬರ್ತಿದ್ರಲ್ಲ ಸಾರ್" ಎಂದಳು ಅವಳು. "ಪ್ರತಿ ಸಲ ಹತ್ತು ಲೀಟರ್ ತಮ್ ಕಾಸಲ್ಲಿ ಹಾಕ್ಸಿ, ಇದಕ್ಕೆ ಬಿಲ್ಲು ಬೇಡಮ್ಮ ಅಂತಿದ್ರು."