ತಿಮಿಂಗಿಲದ ಗಂಟಲು

ದೋಣಿಗೆ ಹಚ್ಚುವ ಮೀನೆಣ್ಣೆಯ ವಾಸನೆ ಮೂಗಿಗೆ ಬಡಿದರೆ ಈಗಲೂ ನಾನು ಕಾಪುವಿನ ಆ ಮಧ್ಯಾಹ್ನಕ್ಕೆ ಹೋಗಿ ನಿಲ್ಲುತ್ತೇನೆ.

ಕಡಲಿಗೆ ಮೀನಿಗೆಂದು ಹೋದ ಅಪ್ಪ ಮರಳಿರಲಿಲ್ಲ. ದೋಣಿಯನ್ನೇ ನುಂಗುವ ತಿಮಿಂಗಿಲ ಅಪ್ಪನನ್ನೂ ನುಂಗಿತೆಂದು ಅಜ್ಜಿ ಹೇಳಿದ್ದರು. ಆ ದಿನ ಸತ್ತ ತಿಮಿಂಗಿಲವೊಂದು ದಡಕ್ಕೆ ಬಂದು ಬಿದ್ದಿತ್ತು. ಅದರ ಚರ್ಮ ಒದ್ದೆ ರಬ್ಬರಿನಂತಿತ್ತು. ಹೊಟ್ಟೆ ಕೊಯ್ದು ಪರೀಕ್ಷಿಸಲು ಬಂದ ಪಶುವೈದ್ಯರನ್ನು ಕೇಳಿದೆ: "ಒಳಗೆ ನನ್ನ ಅಪ್ಪ ಇದ್ದಾರಾ?"

ಅವರು ನನ್ನೆದುರು ಕುಕ್ಕರಗಾಲಿನಲ್ಲಿ ಕೂತರು. "ಇಲ್ಲ ಮಗಾ. ಈ ಜಾತಿಯದ್ದಕ್ಕೆ ಹಲ್ಲೇ ಇಲ್ಲ. ಗಂಟಲು ತೆಂಗಿನಕಾಯಿಯಷ್ಟು ಅಗಲ, ಅಷ್ಟೇ. ಬೂತಾಯಿಯಂಥ ಸಣ್ಣ ಮೀನು ಹೋಗ್ತದೆ, ಮನುಷ್ಯರು ಹೋಗುವುದಿಲ್ಲ."

ನಾನು ಪಕ್ಕದಲ್ಲೇ ನಿಂತಿದ್ದ ಅಜ್ಜಿಯ ಮುಖ ನೋಡಿದೆ. ಅವರು ಆ ಹೊಟ್ಟೆಯನ್ನೇ ನೋಡುತ್ತಿದ್ದರು.

"ಆದರೂ ಒಮ್ಮೆ ಒಳಗೆ ಸರಿಯಾಗಿ ನೋಡಿ ಮಾರಾಯ್ರೆ," ಎಂದರು.