ಬಸ್ಯಾನ ಮಾತು

ಪರದೆಯ ಸಂದಿನಿಂದ ಇಣುಕಿದ ಸತ್ಯಪ್ರಕಾಶ ಥಟ್ಟನೆ ಹಿಂದೆ ಸರಿದ. ಮೂರನೆಯ ಸಾಲಿನಲ್ಲಿ ಯಾಮಿನಿ ಕೂತಿದ್ದಳು. ಪಕ್ಕದಲ್ಲಿ, ತಲೆಯ ಮೇಲೆ ಇಳಕಲ್ ಸೀರೆಯ ಸೆರಗು ಹೊದ್ದ ಒಬ್ಬ ಮುದುಕಿ.

ಬೇಕೆಂದೇ ಕರೆದುಕೊಂಡು ಬಂದಿದ್ದಾಳೆ ಎಂದುಕೊಂಡ.

ಅಮೆರಿಕದಲ್ಲಿ, ರೆಸ್ಟನ್ ಊರಿನ ಹತ್ತಿರದ ಹೈಸ್ಕೂಲಿನ ಆಡಿಟೋರಿಯಂ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಕನ್ನಡ ಸಂಘದ ಅಧ್ಯಕ್ಷೆ ಡಾಕ್ಟರ್ ನಳಿನಿ ರಾಜ್ಯೋತ್ಸವದ ಭಾಷಣ ಮಾಡುತ್ತಿದ್ದರು. ಒಂದು ತುಂಡು ಮುಂಬೈಗೆ, ಒಂದು ಹೈದರಾಬಾದಿಗೆ, ಒಂದು ಮದ್ರಾಸಿಗೆ ಎಂದು ಹರಿದು ಹಂಚಿಹೋಗಿದ್ದ ನಾಡು ಒಂದಾದ ಕಥೆ. ಪ್ರತಿ ವರ್ಷ ಅದನ್ನು ಹೇಳುವಾಗ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಮುಗಿದ ಕೂಡಲೇ, ಪ್ರತಿ ವರ್ಷದ ಹಾಗೆಯೇ, ಗುಲ್ಬರ್ಗಾ ಕಡೆಯ ಅಡುಗೆಯವನು ಬಸ್ಯಾ ಬಂದು ಎಲ್ಲರನ್ನೂ ನಗಿಸಬೇಕು. ನಾಡು ಒಂದಾಗಿತ್ತು, ಸರಿ. ಪ್ರಹಸನದಲ್ಲಿ ಯಾರು ಸಾಹೇಬರು, ಯಾರು ಅಡುಗೆಯವನು ಎಂಬುದನ್ನು ಮಾತ್ರ ಯಾರೂ ಬದಲಿಸುವ ಗೋಜಿಗೆ ಹೋಗಿರಲಿಲ್ಲ.

ಬಸ್ಯಾನ ಪಾತ್ರ ಎಂದೂ ಸತ್ಯಪ್ರಕಾಶನದೇ. ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆ ರಾಜ್ಯೋತ್ಸವ ಅಂದರೆ ಹೋಳಿಗೆ ಮತ್ತು ಬಸ್ಯಾ. ಮೈಸೂರಿನ ಸಾಹೇಬರ ಮನೆಯಲ್ಲಿ ಅಡುಗೆಗಿರುವ ಈ ಪೆದ್ದ ಬಾಯಿ ತೆರೆದರೆ ಸಾಕು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹೇಳಿದ್ದರಲ್ಲಿ ಜೋಕು ಇರಬೇಕೆಂದೇನೂ ಇಲ್ಲ. ‘ಹೌದ್ರಿ ಸಾಹೇಬ್ರ’ ಅಂದರೂ ನಡೆಯುತ್ತಿತ್ತು.

ಪ್ರಹಸನ ಬರೆಯುತ್ತಿದ್ದವನೂ ಅವನೇ. ಉಳಿದವರ ಮಾತನ್ನೆಲ್ಲ ಟೈಪ್ ಮಾಡಿ ಕಳಿಸುತ್ತಿದ್ದ. ಬಸ್ಯಾನದನ್ನು ಮಾತ್ರ ಬರೆಯುತ್ತಿರಲಿಲ್ಲ. “ಅದು ಸ್ಟೇಜ್ ಮೇಲೆ ತಾನಾಗೇ ಬರತ್ತೆ” ಎನ್ನುತ್ತಿದ್ದ. ಆಟ ಮುಗಿದರೂ ವೇಷ ಕಳಚದೆ, ಊಟದ ಸಾಲಿನಲ್ಲಿ ಅದೇ ಧಾಟಿಯಲ್ಲಿ ಹರಟುತ್ತ ಓಡಾಡುತ್ತಿದ್ದ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು: “ಮೈಸೂರಲ್ಲಿ ನಮ್ಮ ಹಾಸ್ಟೆಲ್ ಮೆಸ್ಸಲ್ಲಿ ಒಬ್ಬ ಇದ್ದ.” ಅವನು ಅಪ್ಪಟ ಮೈಸೂರಿನವನೆಂಬುದು ಸಂಘದಲ್ಲಿ ಎಲ್ಲರೂ ಬಲ್ಲ ಸಂಗತಿ.

ಹೋದ ವಾರ ರಿಹರ್ಸಲ್ ಮುಗಿಸಿ ಹೊರಬಂದಾಗ ಯಾಮಿನಿ ಅವನ ಕಾರಿನ ಹತ್ತಿರ ಕಾದು ನಿಂತಿದ್ದಳು. ಕಲಬುರಗಿಯವಳು, ಸಂಘಕ್ಕೆ ಹೊಸಬಳು.

“ಸರ್, ಈ ಸಲ ಬಸ್ಯಾ ಬೇರೆ ಥರ ಮಾತಾಡಿದ್ರ ನಡೆಯಂಗಿಲ್ಲೇನ್ರಿ?”

“ಯಾಕ್ರೀ? ಬರೀ ತಮಾಷೆ ಅಲ್ವಾ?”

“ನನ್ನ ಮಗಳು ಸುರಭಿ ಕನ್ನಡ ಕ್ಲಾಸಿನ್ಯಾಗ ‘ಹೌದ್ರಿ’ ಅಂದ್ಳು ಸರ್. ಹುಡುಗ್ರೆಲ್ಲ ‘ಬಸ್ಯಾ, ಬಸ್ಯಾ’ ಅಂತ ನಕ್ರು. ಅವತ್ತಿಂದ ಮನ್ಯಾಗೂ ಬರೀ ಇಂಗ್ಲಿಷೇ ಮಾತಾಡ್ತಾಳ.” ಸ್ವಲ್ಪ ತಡೆದು ಹೇಳಿದಳು: “ನೀವು ಭಾಳ ಬರೋಬ್ಬರಿ ಮಾತಾಡ್ತೀರಿ. ಅದಕ್ಕೇ ಜಾಸ್ತಿ ನೋವಾಗ್ತದ್ರಿ.”

“ನೋಡೋಣ” ಎಂದು ಅವನು ಕಾರು ಹತ್ತಿದ್ದ. ಆದರೆ ಆ ಹುಡುಗಿಯ ವಿಷಯ ಅವನನ್ನು ಬಿಡಲಿಲ್ಲ. ಮೀಟಿಂಗಿನ ನಡುವೆ ನೆನಪಾಗುತ್ತಿತ್ತು, ತುತ್ತು ಎತ್ತಿದಾಗ ನೆನಪಾಗುತ್ತಿತ್ತು. ತಪ್ಪು ತನ್ನದು, ಬೇರೆ ಯಾರದೂ ಅಲ್ಲ. ತನ್ನೊಬ್ಬನ ಸುಖಕ್ಕಾಗಿ ಒಂದು ಮಗುವಿನ ಬಾಯಿ ಕಟ್ಟಿದ್ದ. ಇಂದು ಈ ಮುದುಕಿ ಬೇರೆ. ಆಕೆಯ ಕಣ್ಣೆದುರು ‘ಹೌದ್ರಿ ಸಾಹೇಬ್ರ’ ಅನ್ನುವುದು ಹೇಗೆ?

“ಸತ್ಯಾ, ಹೌಸ್‌ಫುಲ್ ಕಣೋ! ಬಸ್ಯಾ ರೆಡಿನಾ?” ಭಾಷಣ ಮುಗಿಸಿ ಬಂದ ನಳಿನಿ ಬೆನ್ನು ತಟ್ಟಿದರು.

“ರೆಡಿ, ಆಂಟಿ.”

ಅವನು ರಂಗದ ಮೇಲೆ ಕಾಲಿಟ್ಟ. ದಪ್ಪ ಮೀಸೆ, ಹೆಗಲ ಮೇಲೆ ಟವೆಲ್. ನೋಡಿದ್ದಕ್ಕೇ ಜನ ನಗತೊಡಗಿದರು. ಅವನು ಬಾಯಿ ತೆರೆದ.

“ನಮಸ್ಕಾರ ಸ್ವಾಮಿ. ಕಾಫಿ ತಂದಿದ್ದೀನಿ, ತಗೊಳ್ಳಿ.”

ಮೈಸೂರಿನ ಅಚ್ಚುಕಟ್ಟು ಕನ್ನಡ. ನಗು ಅರ್ಧಕ್ಕೆ ನಿಂತಿತು. ಸಾಹೇಬನ ಪಾತ್ರದವನು ತಬ್ಬಿಬ್ಬಾಗಿ ತನ್ನ ಮಾತನ್ನೇ ಮರೆತ. ಮುಂದಿನದು ಎಳೆದು ಎಳೆದು ಮುಗಿಯಿತು. ಹಿಂದಿನ ಸಾಲಿನವರು ಫೋನ್ ತೆಗೆದರು. ಕೊನೆಗೆ ಬಿದ್ದದ್ದು ಮರ್ಯಾದೆಗೆಂದು ನಾಲ್ಕು ಚಪ್ಪಾಳೆ, ಅಷ್ಟೆ.

“ಏನಾಯ್ತೋ ನಿನಗೆ?” ಊಟದ ಸಾಲಿನಲ್ಲಿ ನಳಿನಿ ತರಾಟೆಗೆ ತೆಗೆದುಕೊಂಡರು. “ಜನ ಅದಕ್ಕೋಸ್ಕರ ಮೇರಿಲ್ಯಾಂಡಿಂದ ಡ್ರೈವ್ ಮಾಡ್ಕೊಂಡು ಬರ್ತಾರೆ!”

ಅವನು ತಟ್ಟೆ ಎತ್ತಿಕೊಂಡು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ. ಇನ್ನು ಮುಂದೆ ಆ ಮಗುವನ್ನು ಯಾರೂ ಬಸ್ಯಾ ಎನ್ನಲಾರರು ಎಂಬ ಸಮಾಧಾನವಾದರೂ ಇತ್ತು.

ಅಷ್ಟರಲ್ಲಿ ಯಾಮಿನಿ ಬಂದಳು. ಜೊತೆಗೆ ಆ ಮುದುಕಿ. ಮುದುಕಿಯ ಸೆರಗು ಹಿಡಿದು, ಹಿಂದೆ ಅಡಗಿಕೊಂಡು ಸುರಭಿ.

“ಥ್ಯಾಂಕ್ಸ್ ಸರ್. ಇವರು ನಮ್ಮವ್ವ.”

ಮುದುಕಿಯ ಮುಖದಲ್ಲಿ ಮಾತ್ರ ಖುಷಿ ಕಾಣಲಿಲ್ಲ.

“ಹೋದ ವರ್ಷದ್ದು ಫೋನಿನ್ಯಾಗ ನೋಡಿದ್ದೆ ತಮ್ಮಾ. ಇಲ್ಲಿಗಿ ಬಂದಾಗಿಂದ ನಮ್ಮ ಕಡಿ ಮಾತು ಕಿವಿಗಿ ಬಿದ್ದಿಲ್ಲ. ಮಗಳು ದಿನಾ ಕೆಲಸಕ್ಕ ಹೋಗ್ತಾಳ, ಮೊಮ್ಮಗಳು ಬಾಯಿ ಬಿಡಂಗಿಲ್ಲ. ನಿನ್ನ ಮಾತು ಕೇಳ್ಲಾಕಂತ ಬಂದ್ರ, ನೀನೂ ಬಿಟ್ಟಿ.”

ನಳಿನಿ ನಕ್ಕರು. “ಅಮ್ಮಾ, ಅದೆಲ್ಲ ಬರೀ ಆ್ಯಕ್ಟಿಂಗು. ಇವನು ಮೈಸೂರಿನವನು.”

ಮುದುಕಿ ಅವರ ಕಡೆ ತಿರುಗಲಿಲ್ಲ. ಸತ್ಯಪ್ರಕಾಶನ ಮುಖವನ್ನೇ ನೋಡುತ್ತ ಕೇಳಿದಳು:

“ಹೌದೇನು? ಯಾವೂರು ತಮ್ಮಾ ನಿಂದು?”

ಸಾಲಿನಲ್ಲಿದ್ದವರು ತಟ್ಟೆ ಹಿಡಿದು ಇತ್ತ ನೋಡಿದರು. ಮೈಸೂರು ಎಂದರೆ ಮುಗಿದುಹೋಗುತ್ತಿತ್ತು. ಎಷ್ಟೋ ಸಲ ಅಂದಿದ್ದ, ಒಮ್ಮೆಯೂ ನಾಲಿಗೆ ತಡವರಿಸಿರಲಿಲ್ಲ. ಸುರಭಿ ಸೆರಗಿನ ಮರೆಯಿಂದ ಇಣುಕಿ ಅವನ ಉತ್ತರಕ್ಕೆ ಕಾಯುತ್ತಿದ್ದಳು.

“ಜೇವರ್ಗಿ, ಯವ್ವಾ, ನಿಮ್ಮ ಕಲಬುರಗಿ ಬಾಜೂಕೇ. ಹುಟ್ಟಿ ಬೆಳೆದಿದ್ದೆಲ್ಲ ಅಲ್ಲೇ. ಈ ದೇಶದಾಗ ನನ್ನ ಮಾತು ಆಡ್ಲಾಕ ನನಗ ವರ್ಷಕ್ಕ ಈ ಒಂದ್ ದಿನಾನೇ ಸಿಗ್ತಿತ್ತು.”