ಹೇಳಿ, ಸರ್

ಗುಡುಗಣ್ಣ ಒಮ್ಮೆ ಬಾಯಿ ಬಿಟ್ಟು "ನಿಲ್ಲಿ!" ಅಂದರೆ ಪರದೆಯ ಮೇಲಿನ ಸೈನ್ಯ ಮಾತ್ರವಲ್ಲ, ಹೊರಗೆ ರಸ್ತೆಯ ಬಸ್ಸು, ಗೋಡೆಯ ಗಡಿಯಾರ, ಪಕ್ಕದ ಆಸ್ಪತ್ರೆಯಲ್ಲಿ ಇನ್ನೇನು ಹುಟ್ಟಬೇಕಿದ್ದ ಕೂಸು, ಎಲ್ಲವೂ ನಿಂತುಬಿಡುತ್ತಿದ್ದವು. ಇದನ್ನು ಕಣ್ಣಾರೆ ಕಂಡವರು ಬೇಕೆಂದರೆ ಒಬ್ಬರಿದ್ದಾರೆ, ಸ್ವತಃ ಗುಡುಗಣ್ಣ.

ಅಂಥವನ ಗಂಟಲಲ್ಲಿ ಇಂದು ಬೆಳಗ್ಗಿನಿಂದ ಬೆಕ್ಕಿನ ಮರಿ ಕೂತಿತ್ತು. ಡಬ್ಬಿಂಗ್ ಕೋಣೆಯ ಪರದೆಯ ಮೇಲೆ ಪರದೇಶದ ಯುದ್ಧದ ಸಿನಿಮಾ. ಕಂದಕದಲ್ಲಿ ಕೆಸರು ಮೆತ್ತಿಕೊಂಡು ನಿಂತ ಬಿಳಿ ಸಿಪಾಯಿಗಳು. ಅವರ ಮುಂದೆ ಅವರ ಕ್ಯಾಪ್ಟನ್, ಕಪ್ಪು ಮನುಷ್ಯ. ಅವನ ತುಟಿಗೆ ಗುಡುಗಣ್ಣನ ದನಿ ಕೂರಬೇಕು.

"ನನ್ನ ಹಿಂದೆ ಬನ್ನಿ," ಅಂದ ಗುಡುಗಣ್ಣ.

ಗಾಜಿನಾಚೆಯಿಂದ ನಿರ್ದೇಶಕಿ ಮೇಡಂ ನಿಟ್ಟುಸಿರು ಬಿಟ್ಟರು. "ಅಣ್ಣಾ, ಯುದ್ಧಕ್ಕೆ ಕರೀತಿದೀರಾ, ಊಟಕ್ಕೆ ಕರೀತಿದೀರಾ?"

ತಪ್ಪು ಗಂಟಲಿನದಲ್ಲ, ಅಭ್ಯಾಸದ್ದು. ಇಷ್ಟು ವರ್ಷ ಯುದ್ಧದ ಸಿನಿಮಾಗಳಲ್ಲಿ ಬರುವ ಕಪ್ಪು ಸಿಪಾಯಿಗಳೆಲ್ಲ ಗುಡುಗಣ್ಣನ ಪಾಲು. ಅಡುಗೆಯವನು, ಲಾರಿ ಓಡಿಸುವವನು, ಗುಂಡಿ ತೋಡುವವನು, ನೆಲಬಾಂಬಿನ ಮೇಲೆ ಎಲ್ಲರಿಗಿಂತ ಮೊದಲು ಕಾಲಿಡುವವನು. "ಆಯ್ತು ಸ್ವಾಮಿ", "ಬಂದೆ ಸ್ವಾಮಿ", ಕೊನೆಗೊಂದು "ಅಯ್ಯೋ!". ಅವರಲ್ಲಿ ಮಧ್ಯಂತರದ ಮುಖ ಕಂಡವರೇ ಇಲ್ಲ. ಈ ಸಲ ಮೊದಲ ಬಾರಿಗೆ ಅಂಥದೊಂದು ತಲೆಗೆ ಕ್ಯಾಪ್ಟನ್ ಟೋಪಿ ಏರಿತ್ತು, ಅದರ ಜೊತೆಗೆ ಗುಡುಗಣ್ಣನ ಅದೃಷ್ಟವೂ ಏರಿತ್ತು. "ಇವತ್ತಿಂದ ನಾನು ಸಾಯೋದಿಲ್ಲ ಕಣೆ," ಎಂದು ಹೆಂಡತಿಗೆ ಹೇಳಿಯೇ ಮನೆಯಿಂದ ಹೊರಟಿದ್ದ.

ಪಕ್ಕದ ಮೈಕಿನ ಮುಂದೆ ಸ್ಟೂಲಿನ ಮೇಲೆ ಕೂತವನು ಜೇನು. ಬಿಳಿ ನಾಯಕರಿಗೆಲ್ಲ ಅವನದೇ ದನಿ, ಕಿವಿಗೆ ಅಂಟಿಕೊಳ್ಳುವಷ್ಟು ಸಿಹಿ. ಈ ಸಿನಿಮಾದಲ್ಲಿ ಅವನ ಪಾಲಿಗೆ ಬಂದದ್ದು ಕ್ಯಾಪ್ಟನ್ನನ ಕೈಕೆಳಗಿನ ಬಿಳಿ ಸಾರ್ಜೆಂಟ್. ದೊಡ್ಡ ಪಾತ್ರ ತನಗೇ ಕೊಡಿ ಎಂದು ಅವನು ಕೇಳಿಕೊಂಡಿದ್ದು ಸ್ಟುಡಿಯೋದ ಗೋಡೆಗಳಿಗೂ ಗೊತ್ತಿತ್ತು.

"ಕೊನೇ ಟೇಕ್ ಅಣ್ಣಾ," ಅಂದರು ಮೇಡಂ. "ಇದೂ ಬರದಿದ್ರೆ ಬೇಜಾರು ಮಾಡ್ಕೋಬೇಡಿ. ಕ್ಯಾಪ್ಟನ್ನ ಜೇನು ಮಾಡ್ಲಿ, ಸಾರ್ಜೆಂಟ್‌ಗೆ ಬೇರೆ ಯಾರನ್ನಾದ್ರೂ ಕರೆಸ್ತೀನಿ."

ಗುಡುಗಣ್ಣ ಹಾಳೆ ನೋಡಿದ. ಕ್ಯಾಪ್ಟನ್ ಗರ್ಜಿಸುವ ಮೊದಲು ಸಾರ್ಜೆಂಟ್ ಕೇಳುವ ಮಾತೊಂದಿತ್ತು: "ಈಗೇನ್ ಮಾಡೋದು, ಹೇಳೋ?" ಆ ದೇಶದ ಭಾಷೆಯಲ್ಲಿ ನೀನು ಅನ್ನುವುದಕ್ಕೂ ನೀವು ಅನ್ನುವುದಕ್ಕೂ ಒಂದೇ ಶಬ್ದ. ನಮ್ಮಲ್ಲಿ ಆರಿಸಿಕೊಳ್ಳಬೇಕು. ಸಂಭಾಷಣೆ ಬರೆದ ಮಹಾಶಯ ಭುಜದ ಮೇಲಿನ ಪಟ್ಟಿ ನೋಡದೆ ಮುಖ ನೋಡಿ ಆರಿಸಿದ್ದ. ಹಾಗಾಗಿ ಸಾರ್ಜೆಂಟನಿಗೆ ಇಡೀ ಸೈನ್ಯ "ನೀವು" ಅನ್ನುತ್ತಿತ್ತು, ಕ್ಯಾಪ್ಟನ್‌ಗೆ "ನೀನು". ಗುಡುಗಣ್ಣನಿಗೆ ಅದು ವಿಚಿತ್ರವಾಗಿಯೇನೂ ಕಂಡಿರಲಿಲ್ಲ. ಅವನ ಪಾತ್ರಗಳನ್ನು ಯಾರೂ ಯಾವತ್ತೂ ಬಹುವಚನದಲ್ಲಿ ಮಾತಾಡಿಸಿದ್ದಿಲ್ಲ.

ಕೆಂಪು ದೀಪ ಹತ್ತಿತು. ಸ್ಟೂಲು ಕಿರ್ ಎಂದಿತು. ಜೇನು ಎದ್ದು ನಿಂತಿದ್ದ, ಹಿಮ್ಮಡಿ ಜೋಡಿಸಿ, ಎದೆ ಸೆಟೆಸಿ, ಪರದೆಯ ಕಡೆಗಲ್ಲ, ಗುಡುಗಣ್ಣನ ಕಡೆಗೆ ತಿರುಗಿ.

"ಈಗೇನು ಮಾಡೋಣ? ಹೇಳಿ, ಸರ್!"

ಸರ್ ಅಂದದ್ದು ಯಾರಿಗೆಂದು ಗುಡುಗಣ್ಣ ಹಿಂದಕ್ಕೆ ತಿರುಗಿ ನೋಡುವವನಿದ್ದ. ಅಷ್ಟರಲ್ಲಿ ಬೆನ್ನು ತಾನಾಗಿ ನೆಟ್ಟಗಾಯಿತು, ಹೊಟ್ಟೆ ಒಳಗೆ ಹೋಯಿತು, ಎಲ್ಲಿ ಅಡಗಿತ್ತೋ ಏನೋ, ದನಿ ಹೊರಬಂತು. "ನನ್ನ ಹಿಂದೆ ಬನ್ನಿ!"

ಗಾಜಿನಾಚೆ ಮೇಡಂ ಪಾತ್ರ ಬದಲಿಸಲೆಂದು ಒಳಗೆ ಬರಲಿಕ್ಕೆ ಅರ್ಧ ಎದ್ದಿದ್ದರು. ಮತ್ತೆ ಕೂತು, ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಜೇನು, ಹಾಳೆಯಲ್ಲಿ ಹಾಗಿಲ್ವಲ್ಲಪ್ಪಾ?"

"ಹಾಳೆಯಲ್ಲಿಲ್ಲ ಮೇಡಂ, ಪರದೆ ಮೇಲಿದೆ. ನನ್ನ ಸಾರ್ಜೆಂಟ್ ಎದ್ದು ನಿಂತ್ಕೊಂಡು ಸರ್ ಅಂತಾನೆ. ನಾನು ಬೆಳಗ್ಗಿಂದ ಕೂತ್ಕೊಂಡು 'ಹೇಳೋ' ಅಂತಿದೀನಿ. ಅವನ ತುಟಿ ನೋಡಿ."

ಮೇಡಂ ಹಿಂದಕ್ಕೆ ಓಡಿಸಿ ನೋಡಿದರು. ತುಟಿ ಹಾಗೇ ಅನ್ನುತ್ತಿತ್ತು. "ಕ್ಯಾಪ್ಟನ್‌ಗೆ ಹೇಳೋ 'ನೀನು' ಎಲ್ಲ ಹೊಡೆದು 'ನೀವು' ಮಾಡಿ," ಅಂದರು. "ಮೊದಲಿಂದ ತಗೊಳ್ಳೋಣ. ಊಟ ಆದ್ಮೇಲೆ, ಗುಡುಗಣ್ಣ ಸರ್."

ಊಟದ ಬಿಡುವಿನಲ್ಲಿ ಗುಡುಗಣ್ಣ ಪಡಸಾಲೆಯ ಗೋಡೆಗೊರಗಿ ಮನೆಗೆ ಫೋನು ಹಚ್ಚಿದ. "ಲೇ, ಒಂದೇ ಟೇಕು ಕಣೆ! ಮೈಕು ಬಿರುಕು ಬಿಡ್ತು. ಮೇಡಂ ಕುರ್ಚಿ ಸಮೇತ ಉರುಳಿಬಿದ್ರು. ಆ ಜೇನು ಇದಾನಲ್ಲ, ನನ್ನ ಒಂದು ಕೂಗಿಗೆ ಗಡಗಡ ನಡುಗಿ ಎದ್ದು ನಿಂತುಬಿಟ್ಟ!"

"ಪಾಪ," ಅಂದಳು ಹೆಂಡತಿ, ಫೋನಿನಿಂದ ಹೊರಗೂ ಕೇಳಿಸುವಷ್ಟು ಜೋರಾಗಿ. ಗಂಡನ ಮಾತಿನಲ್ಲಿ ಎಷ್ಟು ಕಳೆಯಬೇಕೆಂದು ಆಕೆಗೆ ಗೊತ್ತು. "ಈಗ ಹೇಗಿದಾರ್ರೀ, ನಡುಕ ನಿಂತಿದ್ಯಾ?"

"ನಿಂತಿದೆ ಅಕ್ಕಾ," ಎಂದು ಬೆನ್ನ ಹಿಂದಿನಿಂದ ಜೇನಿನ ದನಿ ಬಂತು. ಎರಡು ಲೋಟ ಟೀ ಹಿಡಿದು ಎಷ್ಟು ಹೊತ್ತಿನಿಂದ ಅಲ್ಲಿದ್ದನೋ. "ಮುಂದುವರಿಸಿ ಅಣ್ಣಾ, ಆಮೇಲೆ ನಾನು ಮೂರ್ಛೆ ಹೋದ್ನಾ?"

ಗುಡುಗಣ್ಣ ಒಂದು ಲೋಟ ತೆಗೆದುಕೊಂಡ. ಕುಡಿಯಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಯಾವ ಮೈಕಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದ:

"ಸುಳ್ಳು ಕಣೆ. ನಡುಗ್ತಿದ್ದವನು ನಾನು. ಇವನು ಸುಮ್ಮನೆ ಕೂತಿದ್ರೆ ಸಾಕಿತ್ತು, ಕ್ಯಾಪ್ಟನ್ ಇವನದ್ದೇ ಆಗ್ತಿತ್ತು. ಎದ್ದು ನಿಂತ."